ಕೆಲಸದ ನಡುವೆ ಕರಾಟೆ, ಕುಸ್ತಿ, ಕಳರಿ: ಬೆಂಗಳೂರಿನಲ್ಲಿ ಶುರು ಮಾಡುವುದು ಹೇಗೆ?

ಹನುಮಂತನಗರದಲ್ಲಿ ನಮ್ಮ ಮನೆ. ಕೆಲಸ ಬೆಳ್ಳಂದೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಬೆಳಿಗ್ಗೆ 8ಕ್ಕೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಏಳೂವರೆ, ಮಳೆ ಬಂದರೆ ಒಂಬತ್ತು. ಮಗ ಐದನೇ ಕ್ಲಾಸು. ಜೊತೆಯಲ್ಲಿ ಅತ್ತೆ ಇದ್ದಾರೆ. ಅವರಿಗೆ ಶುಗರ್, ಊಟ ಹೊತ್ತುಹೊತ್ತಿಗೆ ಆಗಬೇಕು. ಇದರ ನಡುವೆ 37ನೇ ವಯಸ್ಸಿನಲ್ಲಿ ನಾನು ಕರಾಟೆ ಶುರು ಮಾಡಿದೆ. ನಾಲ್ಕು ವರ್ಷವಾಯಿತು, ಇನ್ನೂ ಹೋಗುತ್ತಿದ್ದೇನೆ.

‘ನಿಮಗೆ ಟೈಮ್ ಹೇಗೆ ಸಿಗುತ್ತೆ?’ ಅಂತ ಆಫೀಸಿನಲ್ಲಿ ಕೇಳುತ್ತಲೇ ಇರುತ್ತಾರೆ. ನನಗೆ ಟೈಮ್ ಸಿಗಲಿಲ್ಲ. ಮನೆಯಿಂದ ಏಳು ನಿಮಿಷ ನಡೆದರೆ ತಲುಪುವ ಒಂದು ಶಾಲೆಯ ಮೈದಾನ ಸಿಕ್ಕಿತು. ಉಳಿದದ್ದೆಲ್ಲ ಅದರಿಂದಲೇ ಆಯಿತು.

ಅದಕ್ಕೂ ಮೊದಲು ಒಂದು ಸಲ ಸೋತಿದ್ದೆ. ವಾರಗಟ್ಟಲೆ ವಿಡಿಯೋ ನೋಡಿ, ಯಾವ ಕಲೆ ಒಳ್ಳೆಯದು ಅಂತ ಹುಡುಕಿ, ಕೊನೆಗೆ ಇಂದಿರಾನಗರದ ಒಂದು ಕ್ಲಾಸಿಗೆ ಸೇರಿದೆ. ವಾರಕ್ಕೆ ಎರಡು ದಿನ, ಸಂಜೆ 7ಕ್ಕೆ. ಜಾಗ ಚೆನ್ನಾಗಿತ್ತು, ಹೇಳಿಕೊಡುವವರೂ ಚೆನ್ನಾಗಿದ್ದರು. ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದೆ. 24 ಕ್ಲಾಸಿನಲ್ಲಿ ನಾನು ಹೋಗಿದ್ದು 9. ಒಂದು ದಿನ ಅಗರದ ಹತ್ತಿರ ಗಾಡಿ ಕದಲಲಿಲ್ಲ, ಇನ್ನೊಂದು ದಿನ ತಿಂಗಳ ಕೊನೆಯ ಲೆಕ್ಕ ಮುಗಿಯಲಿಲ್ಲ, ಮತ್ತೊಂದು ದಿನ ಮಗನಿಗೆ ಜ್ವರ. ದುಡ್ಡು ಹೋದದ್ದಕ್ಕಿಂತ ‘ಇದು ನನ್ನ ಕೈಲಾಗದ ಕೆಲಸ’ ಅನ್ನುವ ಭಾವನೆ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದನ್ನು ಕಿತ್ತುಹಾಕಲು ಒಂದು ವರ್ಷ ಬೇಕಾಯಿತು.

ಹಾಗಾಗಿ ನಾನು ಹೇಳುವ ಕ್ರಮ ಸಾಮಾನ್ಯವಾಗಿ ಎಲ್ಲರೂ ಹಿಡಿಯುವುದಕ್ಕೆ ಉಲ್ಟಾ. ಮೊದಲು ಹೊತ್ತು, ಆಮೇಲೆ ಜಾಗ, ಕಲೆ ಯಾವುದು ಅನ್ನುವುದು ಮೂರನೆಯದು.

ಮೊದಲು ನಿಮ್ಮ ವಾರವನ್ನು ಕಾಗದದ ಮೇಲೆ ಬರೆಯಿರಿ

ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಒಂದು ವಾರ ಪೂರ್ತಿ, ನಿಜವಾಗಿ ಏನಾಯಿತೋ ಅದನ್ನು ಬರೆಯಿರಿ. ಎಷ್ಟಕ್ಕೆ ಎದ್ದಿರಿ, ಎಷ್ಟಕ್ಕೆ ಮನೆ ಸೇರಿದಿರಿ, ರಾತ್ರಿ ಫೋನ್ ಹಿಡಿದು ಎಷ್ಟು ಹೊತ್ತು ಕೂತಿರಿ, ಎಲ್ಲವೂ ಬರಲಿ.

ಇದರಲ್ಲಿ ಖಾಲಿ ಇರುವ ಹೊತ್ತನ್ನು ಹುಡುಕಬೇಡಿ. ಬೇರೆಯವರು ಕಿತ್ತುಕೊಳ್ಳದ ಹೊತ್ತು ಯಾವುದು ಅಂತ ನೋಡಿ. ಎರಡಕ್ಕೂ ವ್ಯತ್ಯಾಸ ಇದೆ. ನನ್ನ ಕಾಗದದಲ್ಲಿ ಸಂಜೆ ಏಳೂವರೆಯಿಂದ ಎಂಟೂವರೆ ಖಾಲಿ ಕಾಣುತ್ತಿತ್ತು. ಆದರೆ ಏಳು ದಿನದಲ್ಲಿ ನಾಲ್ಕು ದಿನ ಅದನ್ನು ಟ್ರಾಫಿಕ್ಕೋ ಮೀಟಿಂಗೋ ತಿಂದುಹಾಕಿತ್ತು. ಬೆಳಿಗ್ಗೆ 5.45ರಿಂದ 7ರವರೆಗಿನ ಹೊತ್ತನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಆ ಹೊತ್ತಿಗೆ ಯಾರೂ ಫೋನ್ ಮಾಡುವುದಿಲ್ಲ, ಯಾರೂ ಮೇಲ್ ಕಳಿಸಿ ಉತ್ತರಕ್ಕೆ ಕಾಯುವುದಿಲ್ಲ.

ಎಲ್ಲರಿಗೂ ಬೆಳಿಗ್ಗೆಯೇ ಆಗಬೇಕು ಅಂತೇನಿಲ್ಲ. ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲೆ 10ರಿಂದ 11ರವರೆಗೆ ಬಿಡುವಿದ್ದರೆ ಅದು ಬಹಳ ಒಳ್ಳೆಯ ಹೊತ್ತು. ಆ ಸಮಯದ ಬ್ಯಾಚುಗಳಲ್ಲಿ ಜನ ಕಡಿಮೆ ಇರುತ್ತಾರೆ, ಗಮನ ಕೊಟ್ಟು ಹೇಳಿಕೊಡುತ್ತಾರೆ. ರಾತ್ರಿ ಪಾಳಿಯವರು ಕೆಲಸ ಮುಗಿಸಿ ನೇರವಾಗಿ ಕ್ಲಾಸಿಗೆ ಹೋಗಬೇಡಿ. ನಿದ್ದೆಗಣ್ಣಿನಲ್ಲಿ ಇನ್ನೊಬ್ಬರ ಎದುರು ನಿಂತರೆ ಪೆಟ್ಟು ಬೀಳುತ್ತದೆ. ನಿದ್ದೆ ಮಾಡಿ ಎದ್ದು, ಸಂಜೆ ಕೆಲಸಕ್ಕೆ ಹೋಗುವ ಮುನ್ನ ಒಂದು ಬ್ಯಾಚ್ ಇದೆಯಾ ನೋಡಿ. ಭಾನುವಾರ ಮಾತ್ರ ಬಿಡುವು ಅನ್ನುವವರು ಭಾನುವಾರವೇ ಶುರು ಮಾಡಿ, ಜೊತೆಗೆ ಮನೆಯ ಅಭ್ಯಾಸ ಸೇರಿಸಿಕೊಳ್ಳಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮಕ್ಕಳನ್ನು ಕ್ಲಾಸಿಗೆ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗು ಒಳಗೆ ಒಂದು ಗಂಟೆ ಕಲಿಯುವಾಗ ನೀವು ಹೊರಗೆ ಕಟ್ಟೆ ಮೇಲೆ ಕೂತು ಫೋನ್ ನೋಡುತ್ತಿರುತ್ತೀರಿ ಅಲ್ವಾ? ಆ ಒಂದು ಗಂಟೆ ಈಗಾಗಲೇ ಖರ್ಚಾಗಿದೆ. ‘ಮಾಸ್ಟರ್, ನಾನೂ ಹಿಂದಿನ ಸಾಲಿನಲ್ಲಿ ನಿಲ್ಲಬಹುದಾ?’ ಅಂತ ಕೇಳಿ ನೋಡಿ. ನಮ್ಮ ಕ್ಲಾಸಿನಲ್ಲಿ ಮೂವರು ಹೀಗೇ ಬಂದು ಸೇರಿದವರು. ಅವರಲ್ಲೊಬ್ಬರು ಈಗ ಮಗಳಿಗಿಂತ ಒಂದು ಬೆಲ್ಟ್ ಮುಂದಿದ್ದಾರೆ.

ಕಾಲುಗಂಟೆಯ ಸುತ್ತಳತೆ

ಹೊತ್ತು ಗೊತ್ತಾದ ಮೇಲೆ ಜಾಗ. ಮನೆಯಿಂದ ಕಾಲುಗಂಟೆಯಲ್ಲಿ ತಲುಪಬಹುದಾದ ಸುತ್ತಳತೆಯೊಳಗೆ ಹುಡುಕಿ. ಒಂದು ಗಂಟೆಯ ಕ್ಲಾಸು ಅಂದರೆ ಒಂದೇ ಗಂಟೆ ಅಲ್ಲ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ, ಸ್ನಾನಕ್ಕೆ ಹದಿನೈದು ನಿಮಿಷ ಸೇರಿದರೆ ಎರಡೂಕಾಲು ಗಂಟೆ ಆಯಿತು. ವಾರಕ್ಕೆರಡು ಸಲ ಅಷ್ಟು ಹೊತ್ತು ತೆಗೆಯುವುದು ನಮ್ಮಂಥವರಿಂದ ಆಗದು. ಅದೇ ಏಳು ನಿಮಿಷದ ದಾರಿಯಾದರೆ ಒಂದೂವರೆ ಗಂಟೆಯಲ್ಲಿ ಮುಗಿದು, ತಿಂಡಿಗೆ ಮನೆಯಲ್ಲಿರುತ್ತೀರಿ.

ಇಂಟರ್ನೆಟ್‌ನ ಮ್ಯಾಪ್‌ನಲ್ಲಿ ಹುಡುಕಿದರೆ ಬೋರ್ಡು ಹಾಕಿದ ದೊಡ್ಡ ಜಾಗಗಳು ಸಿಗುತ್ತವೆ. ಆದರೆ ಬೆಂಗಳೂರಿನ ಎಷ್ಟೋ ಕ್ಲಾಸುಗಳಿಗೆ ಬೋರ್ಡೇ ಇರುವುದಿಲ್ಲ. ಶಾಲೆಯ ಮೈದಾನ, ಪಾರ್ಕಿನ ಒಂದು ಮೂಲೆ, ಸಮುದಾಯ ಭವನ, ಯಾರದೋ ಮನೆಯ ಟೆರೇಸು, ಇಂಥ ಕಡೆ ನಡೆಯುತ್ತಿರುತ್ತವೆ. ಅದಕ್ಕೇ ಒಂದು ಭಾನುವಾರ ಬೆಳಿಗ್ಗೆ 6ರಿಂದ 8ರವರೆಗೆ ನಿಮ್ಮ ಏರಿಯಾದಲ್ಲಿ ಸುಮ್ನೆ ನಡೆದಾಡಿ. ನನಗೆ ಸಿಕ್ಕಿದ್ದು ಹೀಗೇ. ಹಾಲು ತರಲು ಹೋದಾಗ ಬಿಳಿ ಬಟ್ಟೆಯ ಹತ್ತು ಹನ್ನೆರಡು ಮಕ್ಕಳು ಶಾಲೆಯ ಗೇಟಿನೊಳಗೆ ಓಡುತ್ತಿದ್ದರು. ಆರು ವರ್ಷದಿಂದ ಅದೇ ಬೀದಿಯಲ್ಲಿ ಓಡಾಡಿದ್ದೆ, ಒಂದು ದಿನವೂ ಒಳಗೆ ನೋಡಿರಲಿಲ್ಲ. ನಂದಿನಿ ಬೂತಿನವರನ್ನು, ಇಸ್ತ್ರಿ ಅಂಗಡಿಯವರನ್ನು ಕೇಳಿ. ಬಿಳಿ ಬಟ್ಟೆ ಇಸ್ತ್ರಿಗೆ ಬರುವುದು ಅವರ ಹತ್ತಿರ ತಾನೇ? ಎಲ್ಲಿ ಕ್ಲಾಸು ನಡೆಯುತ್ತೆ ಅಂತ ಅವರಿಗೆ ಗೊತ್ತಿರುತ್ತದೆ.

ಮನೆ ಹತ್ತಿರ ಏನೂ ಇಲ್ಲದಿದ್ದರೆ ದಾರಿಯಲ್ಲಿ ನೋಡಿ. ಮೆಟ್ರೋದಲ್ಲಿ ಓಡಾಡುವವರು ಇಳಿಯುವ ನಿಲ್ದಾಣದಿಂದ ಮನೆಗೆ ನಡೆಯುವ ದಾರಿಯಲ್ಲೇ ಕ್ಲಾಸು ಇದೆಯಾ ಅಂತ ಹುಡುಕಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಮಾಡಿ ಆರ್.ವಿ. ರೋಡಿನಲ್ಲಿ ಇಳಿಯುವವರಿಗೆ ಜಯನಗರ, ಬಸವನಗುಡಿ ಕಡೆಯ ಸಂಜೆ ಬ್ಯಾಚುಗಳು ಕೈಗೆಟುಕುವಂತಾಗಿವೆ. ಆದರೆ ಒಂದು ನಿಯಮ ಇಟ್ಟುಕೊಳ್ಳಿ. ಟ್ರಾಫಿಕ್ ದಾಟಿ ಮುಗಿದ ಮೇಲೆ ಕ್ಲಾಸು ಇರಬೇಕು. ಕ್ಲಾಸಿನ ನಂತರ ಮತ್ತೆ ಒಂದು ಗಂಟೆ ಬಸ್ಸಿನಲ್ಲಿ ನಿಲ್ಲಬೇಕಾದರೆ ಎರಡನೇ ತಿಂಗಳಿಗೆ ಬಿಟ್ಟುಬಿಡುತ್ತೀರಿ.

ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಆರೇಳು ಜನ ಸೇರಿದರೆ ಮಾಸ್ಟರ್ ಅಲ್ಲಿಗೇ ಬಂದು ಹೇಳಿಕೊಡಲು ಒಪ್ಪುವುದುಂಟು. ಕ್ಲಬ್ ಹೌಸ್ ಬೆಳಿಗ್ಗೆ ಹೊತ್ತು ಖಾಲಿಯೇ ಬಿದ್ದಿರುತ್ತದೆ.

ಈಗ, ಯಾವ ಕಲೆ?

ಈ ಸುತ್ತಳತೆಯೊಳಗೆ ಎರಡು ಮೂರು ಜಾಗ ಸಿಗುತ್ತವೆ. ಆಗ ಕಲೆಗಳ ಬಗ್ಗೆ ಯೋಚಿಸಿ. ‘ಯಾವುದು ಹೆಚ್ಚು ಪವರ್‌ಫುಲ್’ ಅನ್ನುವ ಚರ್ಚೆಗೆ ಬೀಳಬೇಡಿ, ಅದು ಮುಗಿಯುವುದಿಲ್ಲ. ಬಿಡುವಿಲ್ಲದವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಒಂದು ಕ್ಲಾಸು ತಪ್ಪಿದರೆ ಮನೆಯಲ್ಲಿ ಒಬ್ಬರೇ ಎಷ್ಟು ಮಾಡಿಕೊಳ್ಳಬಹುದು?

ಕರಾಟೆಯಲ್ಲಿ ಬಹಳಷ್ಟು ಮಾಡಿಕೊಳ್ಳಬಹುದು. ಅದರ ಕಟಾ ಅಂದರೆ ಗೊತ್ತುಮಾಡಿದ ಕ್ರಮದಲ್ಲಿ ಒಬ್ಬರೇ ಮಾಡುವ ಹೊಡೆತ, ತಡೆಗಳ ಸರಣಿ. ಶೋಟೋಕಾನ್ ಶೈಲಿಯವರು ಮೊದಮೊದಲು ಕಲಿಸುವ ಹೇಯಾನ್ ಶೋಡಾನ್‌ನಲ್ಲಿ 21 ಚಲನೆಗಳಿವೆ. ಮಾಡಿ ಮುಗಿಸಲು ಒಂದು ನಿಮಿಷ ಬೇಡ. ಬಿಡುವಿಲ್ಲದವರಿಗೆ ಇಷ್ಟು ಹೊಂದುವ ಅಭ್ಯಾಸ ಇನ್ನೊಂದು ನನಗೆ ಕಂಡಿಲ್ಲ. ಬೆಂಗಳೂರಿನ ಹೆಚ್ಚುಕಡಿಮೆ ಎಲ್ಲ ಬಡಾವಣೆಗಳಲ್ಲೂ ಕರಾಟೆ ಸಿಗುತ್ತದೆ ಅನ್ನುವುದೂ ಒಂದು ಅನುಕೂಲ. ಟೇಕ್ವಾಂಡೋದಲ್ಲೂ ಇಂಥ ಸರಣಿಗಳಿವೆ. ಆದರೆ ಅಲ್ಲಿ ಎತ್ತರದ ಒದೆತಗಳು ಜಾಸ್ತಿ, ದಿನವಿಡೀ ಕುರ್ಚಿಯಲ್ಲಿ ಕೂತವರ ತೊಡೆ, ಸೊಂಟ ಸಡಿಲವಾಗಲು ತಿಂಗಳುಗಳೇ ಬೇಕು.

ಜೂಡೋ ಮತ್ತು ಬ್ರೆಜಿಲಿಯನ್ ಜಿಯುಜಿಟ್ಸು ಹಿಡಿತದ ಕಲೆಗಳು. ಜೊತೆಗಾರರು, ಮ್ಯಾಟ್ ಇಲ್ಲದೆ ಮುಖ್ಯವಾದದ್ದನ್ನು ಕಲಿಯಲಾಗದು. ಒಂದು ಕ್ಲಾಸು ತಪ್ಪಿದರೆ ತಪ್ಪಿದಂತೆಯೇ. ಆದರೂ ಹತ್ತಿರದಲ್ಲಿ ಒಳ್ಳೆಯ ಜೂಡೋ ಕ್ಲಾಸಿದ್ದರೆ ಬಿಡಬೇಡಿ. 1882ರಲ್ಲಿ ಜಿಗೊರೊ ಕಾನೊ ಟೋಕಿಯೋದ ಒಂದು ದೇವಾಲಯದ ಕೋಣೆಯಲ್ಲಿ ಜೂಡೋ ಶುರು ಮಾಡಿದಾಗ, ಜುಜುಟ್ಸು ಅನ್ನುವ ಹಳೆಯ ಜಪಾನಿ ಹೋರಾಟದ ಕಲೆಯ ಅಪಾಯಕಾರಿ ಹೊಡೆತಗಳನ್ನು ಪೂರ್ಣ ಬಲದ ಅಭ್ಯಾಸದಿಂದ ಹೊರಗಿಟ್ಟರು. ಅದಕ್ಕೇ ಅಲ್ಲಿ ಜೊತೆಗಾರರ ಮೇಲೆ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಬಹುದು. ಮೊದಲು ಕಲಿಸುವುದು ಬೀಳುವುದನ್ನು. ಕೈ ಊರದೆ, ತಲೆ ನೆಲಕ್ಕೆ ತಾಗದಂತೆ, ಗದ್ದವನ್ನು ಎದೆಗೆ ಒತ್ತಿ ಉರುಳುವುದು. ಬಚ್ಚಲಿನಲ್ಲಿ ಜಾರಿ ಬೀಳುವ ವಯಸ್ಸಿಗೆ ನಾವೆಲ್ಲ ಬರುತ್ತೇವೆ. ಈ ಒಂದು ವಿದ್ಯೆಗಾಗಿಯೇ ಜೂಡೋ ಕಲಿಯಬಹುದು ಅನ್ನಿಸುತ್ತದೆ ನನಗೆ.

ಬಾಕ್ಸಿಂಗ್, ಮುಯ್ ಥಾಯ್ (ಥಾಯ್ಲೆಂಡಿನ ಬಾಕ್ಸಿಂಗ್) ಕ್ಲಾಸುಗಳು ಜಿಮ್ಮುಗಳಲ್ಲಿ ಸಿಗುತ್ತವೆ, ರಾತ್ರಿ ತಡವಾಗಿಯೂ ಇರುತ್ತವೆ. ಮೂರು ನಿಮಿಷ ಹೊಡೆತ, ಒಂದು ನಿಮಿಷ ವಿಶ್ರಾಂತಿ, ಹೀಗೆ ಸುತ್ತುಗಳ ಲೆಕ್ಕದಲ್ಲಿ ಅಭ್ಯಾಸ ಮಾಡುವುದರಿಂದ ಮುಕ್ಕಾಲು ಗಂಟೆಯಲ್ಲೇ ಮೈ ನೀರಾಗುತ್ತದೆ. ಬೇಗ ಬೆವರಬೇಕು, ತಲೆಯ ಒತ್ತಡ ಇಳಿಯಬೇಕು ಅನ್ನುವವರಿಗೆ ಇದು ಸರಿ.

ಕುಸ್ತಿ ಕಲಿಸುವ ನಮ್ಮ ಗರಡಿ ಮನೆಯನ್ನು ಮರೆಯಬೇಡಿ. ಬೆಂಗಳೂರು ಪೇಟೆಯ ಹಳೇ ಬೀದಿಗಳಲ್ಲಿ ಇವತ್ತಿಗೂ ಗರಡಿಗಳಿವೆ. ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಆಂಜನೇಯನ ಪಟ, ಮೂಲೆಯಲ್ಲಿ ಗದೆಗಳು. ಸಾಮು, ಬಸ್ಕಿಯಿಂದ ಶುರುವಾಗಿ ಪಟ್ಟುಗಳಿಗೆ ಬರುತ್ತಾರೆ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡವರು, ಅಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ ಹೋಗಿ ಉಸ್ತಾದರನ್ನು ಕಂಡು ಕೇಳಬಹುದು. ಹೆಣ್ಣುಮಕ್ಕಳಿಗೆ ಎಲ್ಲ ಗರಡಿಗಳಲ್ಲೂ ಜಾಗ ಇರುವುದಿಲ್ಲ, ಕೇಳಿಕೊಂಡು ಹೋಗಿ.

ಕಳರಿಪಯಟ್ಟು ಕೇರಳದ್ದು. ಬೆಂಗಳೂರಿನಲ್ಲೂ ಕಲಿಸುವವರಿದ್ದಾರೆ. ಮೊದಲ ಹಂತ ಮೇಯ್ಪಯಟ್ಟು, ಅಂದರೆ ಮೈಯನ್ನು ಹದಮಾಡುವ ಚಲನೆಗಳು. ಅದನ್ನು ಒಬ್ಬರೇ ಮಾಡಬಹುದು. ಕೋಲು, ಕತ್ತಿ ಬರುವುದು ಆಮೇಲೆ. ‘ನನಗೆ ವಯಸ್ಸಾಯ್ತು’ ಅನ್ನುವವರಿಗೆ ವಡಗರದ ಮೀನಾಕ್ಷಿ ಅಮ್ಮನವರ ಹೆಸರು ಹೇಳುತ್ತೇನೆ. 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಆಗಲೂ ಸೀರೆ ಬಿಗಿದು ಕಟ್ಟಿ ಮಕ್ಕಳಿಗೆ ಕತ್ತಿವರಸೆ ಹೇಳಿಕೊಡುತ್ತಿದ್ದರು. ಅವರು ಏಳನೇ ವಯಸ್ಸಿಗೇ ಶುರು ಮಾಡಿದವರು, ನಿಜ. ಆದರೆ ಆ ವಯಸ್ಸಿನ ಮೈ ಏನು ಮಾಡಬಲ್ಲದು ಅನ್ನುವುದನ್ನು ಅವರನ್ನು ನೋಡಿ ತಿಳಿಯಬಹುದು.

ಸೇರುವ ಮುನ್ನ ಒಂದು ಗಂಟೆ ಕೂತು ನೋಡಿ

ದುಡ್ಡು ಕಟ್ಟುವ ಮುನ್ನ ಒಂದು ಪೂರ್ತಿ ಕ್ಲಾಸು ನೋಡಿ. ನೋಡಲು ಬಿಡದಿದ್ದರೆ ಆ ಜಾಗ ಬೇಡ. ಶುರುವಿನಲ್ಲಿ ಹತ್ತು ನಿಮಿಷವಾದರೂ ಮೈ ಬಿಸಿ ಮಾಡಿಸುತ್ತಾರಾ? ಹೊಸಬರನ್ನು ಹಳಬರ ಎದುರು ಮೊದಲ ದಿನವೇ ಹೊಡೆದಾಟಕ್ಕೆ ನಿಲ್ಲಿಸುತ್ತಾರಾ? ಯಾರಾದರೂ ನೋವು ಅಂದರೆ ಏನು ಮಾಡುತ್ತಾರೆ? ನಾನು ಹೆಚ್ಚು ಗಮನಿಸಿದ್ದು ಕೊನೆಯದನ್ನು. ನಮ್ಮ ಮಾಸ್ಟರ್ ಕ್ಲಾಸಿನಲ್ಲಿ ಒಬ್ಬ ಹುಡುಗ ಮಂಡಿ ಹಿಡಿದುಕೊಂಡ. ಅವರು ಎಲ್ಲರನ್ನೂ ನಿಲ್ಲಿಸಿ, ಅವನನ್ನು ಕೂರಿಸಿ, ಪಾದ ಯಾವ ಕಡೆ ತಿರುಗಿತ್ತು ಅಂತ ಕೇಳಿ, ಎಲ್ಲರಿಗೂ ಪಾದ ಇಡುವ ರೀತಿಯನ್ನು ಮತ್ತೆ ತೋರಿಸಿದರು. ಅವತ್ತೇ ಸೇರಿಬಿಟ್ಟೆ.

ಹೆಣ್ಣುಮಕ್ಕಳು ಇನ್ನೊಂದು ವಿಷಯ ನೋಡಬೇಕು. ಭಂಗಿ ತಿದ್ದುವಾಗ ಕೇಳಿ ಮುಟ್ಟುತ್ತಾರಾ, ಬಾಯಲ್ಲಿ ಹೇಳಿ ತಿದ್ದುತ್ತಾರಾ? ಕ್ಲಾಸಿನಲ್ಲಿ ಬೇರೆ ಹೆಂಗಸರು ಇದ್ದಾರಾ? ಇದ್ದರೆ ಅವರ ಜೊತೆ ಐದು ನಿಮಿಷ ಮಾತಾಡಿ.

ಫೀಸಿನ ಲೆಕ್ಕ ಪೂರ್ತಿ ಕೇಳಿ. ತಿಂಗಳ ಫೀಸು ಕಡಿಮೆ ಇದ್ದು, ಮೇಲಿಂದ ಯೂನಿಫಾರ್ಮು, ಮುಂದಿನ ಬೆಲ್ಟಿಗೆ ಹೋಗುವ ಗ್ರೇಡಿಂಗ್ ಪರೀಕ್ಷೆ, ಅಸೋಸಿಯೇಷನ್ ಸದಸ್ಯತ್ವ, ಟೂರ್ನಮೆಂಟ್ ಅಂತ ಸೇರುತ್ತಾ ಹೋಗಬಹುದು. ತಿಂಗಳು ತಿಂಗಳು ಕಟ್ಟಲು ಒಪ್ಪುತ್ತಾರಾ ಕೇಳಿ, ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ‘ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್’ ಅಂದರೆ ನಮಸ್ಕಾರ ಹೇಳಿ ಬಂದುಬಿಡಿ. ವಾರಕ್ಕೆರಡು ದಿನ ಹೋಗುವವರಿಗೆ ಕರಾಟೆಯಲ್ಲಿ ಅದಕ್ಕೆ ನಾಲ್ಕೈದು ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕು. ಬ್ರೆಜಿಲಿಯನ್ ಜಿಯುಜಿಟ್ಸುವಿನಲ್ಲಿ ಹತ್ತು ವರ್ಷ ಆಗುವುದು ಸಾಮಾನ್ಯ.

ಮೊದಲ ತಿಂಗಳು ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು. ಏನನ್ನೂ ಕೊಳ್ಳಬೇಡಿ.

ಮೊದಲ ಆರು ವಾರ

ಸೇರಿದ ದಿನ ಮಾಸ್ಟರ್ ಕೇಳಿದರು, ‘ಮೇಡಂ, ವಾರಕ್ಕೆ ಎಷ್ಟು ದಿನ ಬರ್ತೀರಾ?’

‘ಐದು ದಿನ ಬರ್ತೀನಿ ಮಾಸ್ಟರ್.’

‘ಎರಡು ದಿನ ಬನ್ನಿ. ಮಂಗಳವಾರ, ಶನಿವಾರ. ಆರು ವಾರ ಆದ್ಮೇಲೆ ಮೂರನೇ ದಿನದ ಬಗ್ಗೆ ಮಾತಾಡೋಣ.’

ನನಗೆ ಆಗ ಬೇಸರವಾಯಿತು. ಈಗ ಅದರ ಬೆಲೆ ಗೊತ್ತಾಗಿದೆ. ಕುರ್ಚಿಯ ಕೆಲಸ ಮಾಡುವವರ ಮಾಂಸಖಂಡಗಳು ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತವೆ, ಕೀಲುಗಳ ಸುತ್ತಲಿನ ನಾರುಗಳಿಗೆ ಅದಕ್ಕಿಂತ ಬಹಳ ಹೆಚ್ಚು ಸಮಯ ಬೇಕು. ಹುಮ್ಮಸ್ಸಿನಲ್ಲಿ ದಿನಾ ಹೋದವರು ಮಂಡಿ, ಹಿಮ್ಮಡಿ ನೋವು ಮಾಡಿಕೊಂಡು ಮನೆಯಲ್ಲಿ ಕೂರುವುದು ಇದರಿಂದಲೇ.

ಮೊದಲ ದಿನ ನನಗೆ ನೆನಪಿರುವುದು ಪಾದಗಳು. ಡಿಸೆಂಬರ್ ತಿಂಗಳು. ಶಾಲೆಯ ಸಿಮೆಂಟು ಕಟ್ಟೆ ಮಂಜಿಗೆ ತಣ್ಣಗೆ ಕೊರೆಯುತ್ತಿತ್ತು. ಚಪ್ಪಲಿ ಬಿಟ್ಟು ನಿಂತೆ. ಕಿಬಾ ದಾಚಿ, ಅಂದರೆ ಕುದುರೆ ಮೇಲೆ ಕೂತ ಭಂಗಿ. ಕಾಲು ಅಗಲ, ಮಂಡಿ ಹೊರಗೆ, ಬೆನ್ನು ನೇರ. ‘ಇಚಿ, ನಿ, ಸಾನ್’ ಅಂತ ಜಪಾನಿ ಭಾಷೆಯಲ್ಲಿ ಎಣಿಕೆ. ಎಂಟಕ್ಕೆ ಬರುವಷ್ಟರಲ್ಲಿ ತೊಡೆ ನಡುಗತೊಡಗಿತು. ಪಕ್ಕದಲ್ಲಿ ನಿಂತ ಹತ್ತು ವರ್ಷದ ಹುಡುಗಿ ನನ್ನ ಕಡೆ ತಿರುಗಿ, ‘ಆಂಟಿ, ಮೂಗಲ್ಲಿ ಉಸಿರು ತಗೊಳ್ಳಿ, ನಡುಗೋದು ಕಡಿಮೆ ಆಗತ್ತೆ’ ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಮಾರನೇ ದಿನ ಮೈಕೈ ನೋವು ಬರುತ್ತದೆ, ಎರಡನೇ ದಿನ ಜಾಸ್ತಿ ಆಗುತ್ತದೆ, ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಇದು ಮಾಂಸಖಂಡದ ನೋವು, ಹೆದರಬೇಕಿಲ್ಲ. ಕೀಲಿನ ಒಳಗೆ ಚುಚ್ಚಿದಂತೆ ಆದರೆ, ಊತ ಬಂದರೆ, ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬಿ.ಪಿ., ಶುಗರ್, ಹೃದಯದ ತೊಂದರೆ, ಹಳೇ ಮಂಡಿ ನೋವು ಇರುವವರು ಸೇರುವ ಮುನ್ನವೇ ಡಾಕ್ಟರನ್ನು ಕೇಳಿ, ಮಾಸ್ಟರ್‌ಗೂ ಮುಚ್ಚಿಡದೆ ಹೇಳಿ. ಬೆಳಿಗ್ಗೆ ಕ್ಲಾಸಿಗೆ ಒಂದು ಬಾಳೆಹಣ್ಣು, ಸ್ವಲ್ಪ ನೀರು ಸಾಕು. ಹೊಟ್ಟೆ ತುಂಬ ತಿಂದರೆ ಎರಡು ಗಂಟೆ ಬಿಟ್ಟು ಹೋಗಿ. ಕೈಕಾಲಿನ ಉಗುರು ಕತ್ತರಿಸಿರಲಿ. ಮ್ಯಾಟಿನ ಮೇಲೆ ಹಿಡಿತದ ಕಲೆ ಕಲಿಯುವವರು ಮುಗಿದ ತಕ್ಷಣ ಸ್ನಾನ ಮಾಡಿ, ಬಟ್ಟೆಯನ್ನು ಅವತ್ತೇ ಒಗೆಯಿರಿ. ಇಲ್ಲದಿದ್ದರೆ ಹುಳುಕಡ್ಡಿ ಹರಡುತ್ತದೆ.

ಇನ್ನು ನಿದ್ದೆ. 5.15ಕ್ಕೆ ಏಳಬೇಕಾದರೆ ಹಿಂದಿನ ರಾತ್ರಿ 10ಕ್ಕೆ ಮಲಗಬೇಕು. ಇದಕ್ಕೆ ಬೇರೆ ಉಪಾಯ ಇಲ್ಲ. ಸೋಮವಾರ, ಶುಕ್ರವಾರ ರಾತ್ರಿ ನಾನು ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗುತ್ತೇನೆ. ಬಟ್ಟೆ, ಬೆಲ್ಟು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರುತ್ತೇನೆ. ಬೆಳಿಗ್ಗೆ ಕತ್ತಲಲ್ಲಿ ಹುಡುಕುವುದು ತಪ್ಪುತ್ತದೆ.

ಗಿಚಿನ್ ಫುನಾಕೋಶಿ ಅವರ ಜೀವನ ನನಗೆ ಬಹಳ ಧೈರ್ಯ ಕೊಟ್ಟಿದೆ. ಓಕಿನಾವಾದ ಕರಾಟೆಯನ್ನು 1922ರಲ್ಲಿ ಟೋಕಿಯೋದಲ್ಲಿ ತೋರಿಸಿ ಜಪಾನಿನಲ್ಲೆಲ್ಲ ಹರಡಿದವರು ಅವರು. ಕಲಿಯುವ ಕಾಲದಲ್ಲಿ ಅವರೂ ಕೆಲಸಕ್ಕೆ ಹೋಗುವವರೇ, ಶಾಲಾ ಮೇಷ್ಟ್ರು. ಹಗಲು ಮಕ್ಕಳಿಗೆ ಪಾಠ, ರಾತ್ರಿ ಗುರುಗಳ ಮನೆಯ ಅಂಗಳದಲ್ಲಿ ಅಭ್ಯಾಸ. ಅದೂ ಒಂದೇ ಕಟಾವನ್ನು ತಿಂಗಳುಗಟ್ಟಲೆ. ಗುರುಗಳು ಒಪ್ಪುವವರೆಗೆ ಮುಂದಿನದು ಇಲ್ಲ. ಹೊಸದು ಕಲಿಯಲು ಟೈಮ್ ಇಲ್ಲ ಅಂತ ನಾನು ಒದ್ದಾಡುವಾಗ ಇದನ್ನು ನೆನೆಸಿಕೊಳ್ಳುತ್ತೇನೆ. ಗೊತ್ತಿರುವುದನ್ನೇ ಮತ್ತೆ ಮಾಡಿದರೂ ಕಲಿಕೆ ನಡೆಯುತ್ತಿರುತ್ತದೆ.

ಕುಕ್ಕರ್ ಮೂರು ವಿಷಲ್ ಹಾಕುವವರೆಗೆ

ಕ್ಲಾಸಿಲ್ಲದ ದಿನಗಳಲ್ಲಿ ಮನೆಯಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡುವುದನ್ನು ಇಟ್ಟುಕೊಳ್ಳಿ. ಅದಕ್ಕೆ ಬೇರೆ ಹೊತ್ತು ಹುಡುಕಬೇಡಿ. ಈಗಾಗಲೇ ಕಾಯುತ್ತಾ ನಿಂತಿರುವ ಹೊತ್ತಿಗೆ ಅದನ್ನು ಕಟ್ಟಿಹಾಕಿ. ನಾನು ರಾತ್ರಿ ಅನ್ನ, ಬೇಳೆಗೆ ಕುಕ್ಕರ್ ಇಟ್ಟು, ಮೊದಲ ವಿಷಲ್ ಬರುವವರೆಗೆ ಒಲೆಯಿಂದ ಎರಡು ಹೆಜ್ಜೆ ಹಿಂದೆ ಕಿಬಾ ದಾಚಿಯಲ್ಲಿ ನಿಲ್ಲುತ್ತೇನೆ. ಮೊದಲನೆಯದರಿಂದ ಎರಡನೆಯದರವರೆಗೆ, ಅಡುಗೆಕಟ್ಟೆ ಹಿಡಿದುಕೊಂಡು ಬಲಗಾಲಿನಲ್ಲಿ ನಿಧಾನವಾಗಿ ಮುಂದೆ ಒದೆಯುವುದು. ಮಂಡಿ ಮೇಲೆ, ಕಾಲು ಚಾಚು, ಮತ್ತೆ ಮಂಡಿ, ಕೆಳಗೆ. ಎರಡರಿಂದ ಮೂರರವರೆಗೆ ಎಡಗಾಲು. ಆಮೇಲೆ ಒಲೆ ಆರಿಸಿ, ಪ್ರೆಷರ್ ಇಳಿಯುವಷ್ಟರಲ್ಲಿ ಟೆರೇಸಿಗೆ ಹೋಗಿ ಒಂದು ಕಟಾ. ನಮ್ಮ ಟೆರೇಸಿನಲ್ಲಿ ನೀರಿನ ಟ್ಯಾಂಕಿಗೂ ಬಟ್ಟೆ ಒಣಗಿಸುವ ತಂತಿಗೂ ನಡುವೆ ಹೆಚ್ಚು ಜಾಗ ಇಲ್ಲ, ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತೇನೆ. ಮೊದಲು ಅತ್ತೆ ‘ಏನಮ್ಮ ಇದು, ಅಡುಗೆಮನೇಲಿ’ ಅನ್ನುತ್ತಿದ್ದರು. ಈಗ ವಿಷಲ್ ಎಣಿಸಿ ಹೇಳುವವರು ಅವರೇ.

ಬಾಕ್ಸಿಂಗ್ ಕಲಿಯುವವರು ಕನ್ನಡಿ ಎದುರು ಗಾಳಿಯಲ್ಲಿ ಎರಡೆರಡು ನಿಮಿಷದ ಮೂರು ಸುತ್ತು ಹೊಡೆಯಬಹುದು. ಜೂಡೋದವರು ಒಬ್ಬರೇ ಹೆಜ್ಜೆ, ಸೊಂಟ ತಿರುಗಿಸುವ ಅಭ್ಯಾಸ ಮಾಡಬಹುದು. ಬೀಳುವುದನ್ನು ಮಾತ್ರ ಮನೆಯ ಟೈಲ್ಸ್ ಮೇಲೆ ಮಾಡಬೇಡಿ.

ವಿಡಿಯೋ ನೋಡಿ ಹೊಸದನ್ನು ಕಲಿಯಬೇಡಿ. ತಪ್ಪು ಮೈಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಬೇಕಾದರೆ ನಿಮ್ಮದೇ ಅಭ್ಯಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಾಸ್ಟರ್‌ಗೆ ತೋರಿಸಿ. ಹತ್ತು ಸೆಕೆಂಡಿನ ವಿಡಿಯೋ ನೋಡಿ ಅವರು ಹೇಳುವ ಒಂದು ಮಾತು ಒಂದು ವಾರಕ್ಕೆ ಸಾಕಾಗುತ್ತದೆ.

ಮನೆಯವರಿಗೆ, ಆಫೀಸಿನವರಿಗೆ ಹೇಳುವುದು

‘ನಾನು ಕರಾಟೆಗೆ ಸೇರುತ್ತೇನೆ’ ಅಂದರೆ ಮನೆಯಲ್ಲಿ ತಲೆ ಆಡಿಸುತ್ತಾರೆ, ಎರಡನೇ ವಾರ ಮುಖ ಸಿಂಡರಿಸುತ್ತಾರೆ. ಕೆಲಸ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ಮೊದಲೇ ಮಾತಾಡಿ. ಮಂಗಳವಾರ, ಶನಿವಾರ ಬೆಳಿಗ್ಗೆ ಮಗನನ್ನು ಎಬ್ಬಿಸಿ ಹಾಲು ಕೊಡುವುದು, ತಿಂಡಿಗೆ ಒಗ್ಗರಣೆ ಹಾಕುವುದು ನಮ್ಮವರ ಕೆಲಸ ಅಂತ ಗೊತ್ತುಮಾಡಿಕೊಂಡೆವು. ತರಕಾರಿಯನ್ನು ನಾನು ಹಿಂದಿನ ರಾತ್ರಿಯೇ ಹೆಚ್ಚಿಟ್ಟಿರುತ್ತೇನೆ. ಅವರಿಗೆ ಭಾನುವಾರ ಬೆಳಿಗ್ಗೆ ಕ್ರಿಕೆಟ್ ಇದೆ, ಆ ಹೊತ್ತು ಅವರದು.

ಸಂಜೆ ಕ್ಲಾಸಿಗೆ ಹೋಗುವವರು ಆಫೀಸಿನ ಕ್ಯಾಲೆಂಡರಿನಲ್ಲಿ ಆ ಎರಡು ದಿನ ಆ ಹೊತ್ತನ್ನು ಹಿಡಿದಿಡಿ. ಮ್ಯಾನೇಜರಿಗೆ ನೇರವಾಗಿ ಹೇಳಿ. ‘ಮಂಗಳವಾರ 6ಕ್ಕೆ ಹೊರಡ್ತೀನಿ ಸರ್, ಅರ್ಜೆಂಟ್ ಇದ್ರೆ ರಾತ್ರಿ 9ರ ಮೇಲೆ ನೋಡ್ತೀನಿ’ ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಕಾರಣ ಹೇಳದೆ ಜಾರಿಕೊಂಡರೆ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತೀರಿ.

ಆತ್ಮರಕ್ಷಣೆಗಾಗಿ ಕಲಿಯುತ್ತೇನೆ ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಆರು ತಿಂಗಳ ಅಭ್ಯಾಸ ಇಟ್ಟುಕೊಂಡು ಬೀದಿಯಲ್ಲಿ ಯಾರ ಎದುರೂ ನಿಲ್ಲಬೇಡಿ. ದೂರ ಸರಿಯುವುದು, ಜೋರಾಗಿ ಕೂಗುವುದು, ಜನ ಇರುವ ಕಡೆ ಓಡುವುದು, 112ಕ್ಕೆ ಫೋನ್ ಮಾಡುವುದು ಮೊದಲು. ಕ್ಲಾಸಿನಿಂದ ನನಗೆ ಬಂದದ್ದು ಗಟ್ಟಿ ದನಿ. ಮೊದಲ ತಿಂಗಳು ಹೊಡೆತದ ಜೊತೆ ಕೂಗುವಾಗ ನನ್ನ ಗಂಟಲಿನಿಂದ ಸದ್ದೇ ಬರುತ್ತಿರಲಿಲ್ಲ. ಈಗ ಬರುತ್ತದೆ.

ಬಿಟ್ಟುಹೋದರೆ

ಬಿಟ್ಟುಹೋಗುತ್ತದೆ. ಮಾರ್ಚ್ ಕೊನೆಗೆ ನನಗೆ ಮೂರು ವಾರ ಹೋಗಲಾಗುವುದಿಲ್ಲ, ಪ್ರತಿ ವರ್ಷ. ಇದನ್ನು ಫೆಬ್ರವರಿಯಲ್ಲೇ ಮಾಸ್ಟರ್‌ಗೆ ಹೇಳಿಡುತ್ತೇನೆ. ಆ ಮೂರು ವಾರ ಕುಕ್ಕರಿನ ಅಭ್ಯಾಸ ಮಾತ್ರ ನಡೆಯುತ್ತದೆ, ಒಂದೊಂದು ದಿನ ಅದೂ ಒಂದೇ ವಿಷಲ್. ಮಳೆಗಾಲದಲ್ಲಿ ಮೈದಾನ ಕೆಸರಾದರೆ ನಮ್ಮ ಕ್ಲಾಸು ಶಾಲೆಯ ವರಾಂಡಕ್ಕೆ ಹೋಗುತ್ತದೆ. ನಿಮ್ಮಲ್ಲಿ ಏನು ವ್ಯವಸ್ಥೆ ಅಂತ ಸೇರುವಾಗಲೇ ಕೇಳಿಕೊಂಡಿರಿ.

ತಿಂಗಳುಗಟ್ಟಲೆ ಬಿಟ್ಟವರು ವಾಪಸ್ ಹೋಗಲು ಸಂಕೋಚ ಪಡುತ್ತಾರೆ. ಜೊತೆಯವರ ಬೆಲ್ಟಿನ ಬಣ್ಣ ಬದಲಾಗಿರುತ್ತದೆ, ಕಟಾ ಅರ್ಧ ಮರೆತಿರುತ್ತದೆ. ಹಿಂದಿನ ದಿನ ಮಾಸ್ಟರ್‌ಗೆ ಒಂದು ಫೋನ್ ಮಾಡಿ, ‘ನಾಳೆ ಬರ್ತಿದ್ದೀನಿ, ಹೊಸಬರ ಸಾಲಿನಲ್ಲಿ ನಿಲ್ತೀನಿ’ ಅನ್ನಿ. ಮೊದಲ ಎರಡು ವಾರ ಅರ್ಧ ಬಲದಲ್ಲಿ ಮಾಡಿ. ಒದೆತ ಸೊಂಟದ ಮಟ್ಟಕ್ಕಷ್ಟೇ ಇರಲಿ, ಜೊತೆಗಾರರ ಎದುರು ನಿಲ್ಲುವುದು ಮೂರನೇ ವಾರದಿಂದ.